ಹೊರಗಿಟ್ಟ ಮನೆ

ಹೊಸ ಹೊಳೆಕೊಪ್ಪ, ತೀರ್ಥಹಳ್ಳಿ ತಾಲೂಕು
22 ನವೆಂಬರ್ 1964

ಪಾದ್ರಿ ಸಾಮುವೇಲ ಜತ್ತನ್ನನಿಗೆ ಧರ್ಮಪ್ಪನ ನಮಸ್ಕಾರ.

ನಾನು ಕ್ಷೇಮ. ನಿನ್ನ ಕ್ಷೇಮ ಕೇಳುವ ಮನಸ್ಸು ಸದ್ಯಕ್ಕಿಲ್ಲ, ನಿನ್ನ ಹೆಂಡತಿ ಸಲೋಮಿಯಮ್ಮನವರ ಕ್ಷೇಮ ಬರೆ.

ಹೋದ ವಾರ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನೀನು ಮಾಡಿದ್ದು ಒಳ್ಳೆಯ ಕೆಲಸವಲ್ಲ. ತೀರ್ಥಹಳ್ಳಿಯ ಎ.ವಿ. ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ಅಪರೂಪಕ್ಕೆ ಸಿಕ್ಕಿದ್ದೇವೆ, ಚಾ ಕುಡಿಯೋಣ ಅಂತ ಕರೆದೆ. ನೀನು ಚಾ ಕುಡಿದು ಬಾಯಿ ಒರೆಸಿಕೊಂಡು, "ಧರ್ಮಪ್ಪ, ನೀನು ಬೆಳ್ಳಪ್ಪನಿಗೆ ಮಾಡಿದ್ದು ತೀರ್ಪು ಮಾರಾಯ, ನ್ಯಾಯ ಇನ್ನೂ ಆಗ್ಲಿಲ್ಲ. ನಮ್ಮ ಪುಸ್ತಕದಲ್ಲಿ ಅದಕ್ಕೊಂದು ಗ್ರೀಕು ಪದ ಉಂಟು" ಅಂದೆ. ಅಷ್ಟರಲ್ಲಿ ನನ್ನ ಬಸ್ಸು ಹೊರಟಿತು. ತೀರ್ಥಹಳ್ಳಿ ಮುಟ್ಟುವವರೆಗೆ ಅದೇ ತಲೆಯಲ್ಲಿ ಕೊರೆಯಿತು.

ನಿನಗೆ ಯಾರು ಏನು ಹೇಳಿದರೋ ಗೊತ್ತಿಲ್ಲ. ನಡೆದದ್ದನ್ನು ನಾನೇ ಹೇಳುತ್ತೇನೆ, ಕೇಳು.

ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ನಮ್ಮ ಹೊಳೆಕೊಪ್ಪ ಹೋಗುತ್ತದೆ ಅಂತ ಗೊತ್ತಾದ ಮೇಲೆ ಊರು ಮೂರು ಪಾಲಾಯಿತು. ನಾವೊಂದಿಷ್ಟು ಮನೆಯವರು ತೀರ್ಥಹಳ್ಳಿ ಕಡೆ ಬಂದೆವು. ನಮ್ಮೂರಿನವನೇ ಆದ ಭೂತಪ್ಪನ ಕಡೆಯವರು ಹೊಸನಗರದ ಹತ್ತಿರ ನಿಂತರು. ನನ್ನ ಭಾವ ಬೆಳ್ಳಪ್ಪ, ನನ್ನ ತಂಗಿ ಹೂವಮ್ಮನನ್ನೂ ಮಗಳನ್ನೂ ಕರಕೊಂಡು ಸಾಗರ ತಾಲೂಕಿನ ಹೊನ್ನೆಮರಡು ಕಡೆ ಗುಡ್ಡ ಹತ್ತಿದ. ಜನ ಹಂಚಿಹೋದರು ಸರಿ, ಊರಿನ ಚೌಡಮ್ಮ ಯಾರ ಜೊತೆ ಹೋಗಬೇಕು? ಅದು ನಾವು ತೀರ್ಮಾನ ಮಾಡುವ ವಿಷಯವಲ್ಲ, ಅವಳೇ ಹೇಳಬೇಕು. ಮಳೆ ಕಳೆದ ಮೇಲೆ ಮೂರೂ ಕಡೆಯವರು ಕೂಡಿ, ಕಲ್ಲಿನ ನೆತ್ತಿಗೆ ಹೂವಿಟ್ಟು ಪ್ರಸಾದ ಕೇಳುವುದು, ಬಲಕ್ಕೆ ಬಿದ್ದರೆ ಏಳುತ್ತಾಳೆ, ಎಡಕ್ಕೆ ಬಿದ್ದರೆ ಅಲ್ಲೇ ಇರುತ್ತಾಳೆ ಅಂತ ಮಾತಾಗಿತ್ತು. ನೀರು ನಮ್ಮ ಮಾತಿಗೆ ಕಾಯಲಿಲ್ಲ. ಆಷಾಢದಲ್ಲೇ ಏರಿತು. ಬೆಳ್ಳಪ್ಪ ಯಾರನ್ನೂ ಕೇಳದೆ ಒಬ್ಬನೇ ದೋಣಿ ತಂದು, ಕಲ್ಲು ಎಬ್ಬಿಸಿ, ತನ್ನ ಗುಡ್ಡಕ್ಕೆ ಒಯ್ದ.

ದೇವರನ್ನು ಕದ್ದ ಅಂತ ಭೂತಪ್ಪ ಕುಣಿದಾಡಿಬಿಟ್ಟ. ಕೂರುವುದಕ್ಕೆ ಊರೇ ಇಲ್ಲವಲ್ಲ, ಹೊಸನಗರದ ಸಂತೆಯ ದಿನ ಮರದ ಕೆಳಗೆ ಕೂತೆವು. ಯಜಮಾನ ನಾನು. ಭಾವ ಅಂತ ನೋಡಲಿಲ್ಲ. "ಕಲ್ಲು ತಂದು ಒಪ್ಪಿಸು, ತಪ್ಪಾಯ್ತು ಅನ್ನು" ಅಂದೆ. "ಎಲ್ಲಿಗೆ ತರ್ಲಿ ಗೌಡ್ರೆ, ನೀರೊಳಗಾ?" ಅಂದ. ನನ್ನನ್ನು ಭಾವ ಅನ್ನಲಿಲ್ಲ, ಗೌಡ್ರೆ ಅಂದ. ಅವನ ಮನೆಯನ್ನು ಹೊರಗಿಟ್ಟೆವು. ಅಲ್ಲಿ ಯಾರೂ ಉಣ್ಣುವ ಹಾಗಿಲ್ಲ, ಅವರನ್ನು ಯಾರೂ ಕರೆಯುವ ಹಾಗಿಲ್ಲ, ಅಲ್ಲಿ ಉಂಡವನೂ ಹೊರಗೆ. "ಸ್ವಂತ ತಂಗಿ ಮನೆ ಅಂತ್ಲೂ ನೋಡ್ಲಿಲ್ಲ, ನ್ಯಾಯ ಅಂದ್ರೆ ಇದು" ಅಂತ ಜನ ಹೇಳಿಕೊಂಡು ಹೋದರು.

ಇಷ್ಟಾದ ಮೇಲೂ ನ್ಯಾಯ ಆಗಲಿಲ್ಲ ಅನ್ನುತ್ತೀಯಲ್ಲ, ನಿನ್ನ ಪದ ಯಾವುದು, ಅದರ ಅರ್ಥವೇನು, ಬರೆ.

ಧರ್ಮಪ್ಪ


ಸಾಗರ
3 ಡಿಸೆಂಬರ್ 1964

ಧರ್ಮಪ್ಪಾ,

ಬೈಯುವುದಕ್ಕಾದರೂ ಬರೆದೆಯಲ್ಲ, ಸಂತೋಷ. ಸಲೋಮಿ ಕ್ಷೇಮ. ನಿನ್ನ ಪತ್ರ ಓದಿ, "ಗೌಡರು ಸಿಟ್ಟಾದದ್ದು ಸರಿಯೇ. ಬಸ್ಸು ಹೊರಡುವ ಹೊತ್ತಿಗೆ ಯಾರಾದ್ರೂ ಗ್ರೀಕು ತೆಗೀತಾರಾ?" ಅಂತ ನನಗೇ ಬೈದಳು.

ಪದ ದಿಕಾಯೊಸೂನೆ. ನಾಲಗೆ ತಿರುಗದಿದ್ದರೆ ಬಿಡು, ಸೆಮಿನರಿಯಲ್ಲಿ ನನಗೂ ಎಷ್ಟೋ ದಿನ ತಿರುಗಲಿಲ್ಲ. ನಮ್ಮ ಕನ್ನಡ ಬೈಬಲಿನಲ್ಲಿ ಅದನ್ನು ನೀತಿ ಅಂತ ಮಾಡಿದ್ದಾರೆ. ನ್ಯಾಯ ಅಂದರೂ ಸಲ್ಲುತ್ತದೆ. ಗ್ರೀಕರಿಗೆ ಅದು ಕೋರ್ಟು ಕಚೇರಿಯ ಮಾತು, ಯಾರಿಗೆ ಏನು ಸಲ್ಲಬೇಕೋ ಅದನ್ನು ಸಲ್ಲಿಸುವುದು. ನಿನ್ನ ಸಂತೆಯ ನ್ಯಾಯ ಅಲ್ಲಿಗೆ ಸರಿಯಾಗಿ ಕೂರುತ್ತದೆ.

ಆದರೆ ನಮ್ಮ ಪುಸ್ತಕ ಬರೆದವರು ಬಹುಮಟ್ಟಿಗೆ ಯೆಹೂದ್ಯರು. ಬರೆದದ್ದು ಗ್ರೀಕಿನಲ್ಲಿ, ಹೊಟ್ಟೆಯಲ್ಲಿ ಇದ್ದದ್ದು ಹೀಬ್ರೂ. ಅವರಿಗೆ ನ್ಯಾಯ ಅಂದರೆ ತೂಗಿ ಕೊಡುವುದು ಮಾತ್ರ ಅಲ್ಲ, ಒಬ್ಬರಿಗೊಬ್ಬರು ಸೇರಿದವರು ಆ ಸೇರಿಕೆಯನ್ನು ಬಿಟ್ಟುಕೊಡದೆ ಇರುವುದು. ದೇವರು ನ್ಯಾಯವಂತ ಅಂತ ಅವರು ಹಾಡಿದರೆ, ಹಿಡಿದ ಕೈ ಬಿಡದವನು ಅಂತ ಅರ್ಥ. ವಿಧವೆಗೆ, ದಿಕ್ಕಿಲ್ಲದವನಿಗೆ ಜನರ ನಡುವೆ ಅವರ ಜಾಗ ತಿರುಗಿ ಸಿಕ್ಕಿದರೆ ಆಗ ನ್ಯಾಯ ಆಯಿತು ಅನ್ನುತ್ತಿದ್ದರು. ಕೀಲು ತಪ್ಪಿದ ತೋಳನ್ನು ಕೂಡಿಸಿದ ಹಾಗೆ ಅಂತ ನಮ್ಮ ಜರ್ಮನ್ ಗುರುಗಳು ಹೇಳುತ್ತಿದ್ದರು. ಕೂಡಿಸುವಾಗ ನೋವಾಗುತ್ತದೆ ನಿಜ, ಆದರೆ ತಪ್ಪಿದ ತೋಳನ್ನು ಕಡಿದು ಹಾಕುವವನನ್ನು ಯಾರೂ ವೈದ್ಯ ಅನ್ನುವುದಿಲ್ಲ.

ಮತ್ತಾಯನ ಪುಸ್ತಕದಲ್ಲಿ ಈ ಮಾತನ್ನು ಮೊದಲು ಹೇಳಿದ್ದು ಯಾರಿಗೆ ಗೊತ್ತಾ? ಯೋಸೇಫ ಅನ್ನುವ ಬಡಗಿಗೆ. ಮರಿಯಳ ಜೊತೆ ಅವನ ಮದುವೆ ನಿಶ್ಚಯವಾಗಿದೆ. ಮನೆ ತುಂಬಿಸಿಕೊಳ್ಳುವ ಮೊದಲೇ ಅವಳು ಬಸುರಿ, ಕೂಸು ಅವನದಲ್ಲ. ಹತ್ತು ಜನರನ್ನು ಸೇರಿಸಿ ಅವಳ ಮಾನ ಕಳೆಯಲು ಶಾಸ್ತ್ರದ ಅಡ್ಡಿ ಇರಲಿಲ್ಲ. ಅವನು ದಿಕಾಯೊಸ್, ನ್ಯಾಯವಂತ, ಅವಳನ್ನು ಬೀದಿಗೆಳೆಯಲು ಮನಸ್ಸಿಲ್ಲದೆ ಸದ್ದಿಲ್ಲದೆ ಬಿಟ್ಟುಬಿಡಬೇಕು ಅಂದುಕೊಂಡ ಅನ್ನುತ್ತದೆ ಪುಸ್ತಕ. ಶಿಕ್ಷೆ ಕೊಟ್ಟದ್ದಕ್ಕಲ್ಲ ಅವನನ್ನು ನ್ಯಾಯವಂತ ಅಂದದ್ದು, ಕೊಡದೆ ಇದ್ದದ್ದಕ್ಕೆ.

ನೀನು ಸಂತೆಗೆ ಬಂದ ಜನರೆಲ್ಲ ನೋಡುವ ಹಾಗೆ ಕೂತು ಮಾಡಿದೆ. ಭಾವ ಅಂತ ನೋಡಲಿಲ್ಲ ಅಂತ ಹೆಮ್ಮೆಯಿಂದ ಬರೆದಿದ್ದೀಯ. ನೋಡಬೇಕಿತ್ತು ಮಾರಾಯ. ಅವನು ಭಾವ ಹೌದಲ್ಲ.

ಇನ್ನೊಂದು ಮಾತು. ಹೂವಮ್ಮನ ಮಗಳು ಶರಾವತಿಗೆ ಗಂಡು ಗೊತ್ತಾಗಿದೆ ಅಂತ ಹೋದ ವರ್ಷ ನೀನೇ ಹೇಳಿದ್ದೆ. ಅದೇನಾಯಿತು?

ನಿನ್ನ ಬೆಂಚಿನವನು,
ಸಾಮುವೇಲ


ಹೊಸ ಹೊಳೆಕೊಪ್ಪ
20 ಡಿಸೆಂಬರ್ 1964

ಸಾಮುವೇಲ,

ನಿಮ್ಮ ಹಬ್ಬಕ್ಕೆ ಶುಭವಾಗಲಿ ಅಂತ ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಬರೆಯುವುದನ್ನು ಓದಿದ ಮೇಲೆ ನನ್ನ ಹಾರೈಕೆ ನಿನಗೆ ಬೇಡವಾಗಬಹುದು.

ನಿನ್ನ ಪುಸ್ತಕ ಬರೆದವರು ಯಾರೂ ಊರಿನ ಯಜಮಾನಿಕೆ ಮಾಡಿರಲಿಲ್ಲ ಅಂತ ಕಾಣುತ್ತದೆ. ಭೂತಪ್ಪನ ತಮ್ಮ ದೇವರ ಕಾಡಿನ ಮರ ಕಡಿದಾಗ ಅವನ ಮನೆಯನ್ನು ಹೊರಗಿಟ್ಟವನು ನಾನೇ. ಅವನಿಗೊಂದು, ನನ್ನ ಭಾವನಿಗೊಂದು ಮಾಡಿದರೆ ನಾಳೆ ನನ್ನ ಮಾತನ್ನು ನಾಯಿಯೂ ಮೂಸುವುದಿಲ್ಲ.

ಬೆಳ್ಳಪ್ಪನಿಗೆ ನಾನು ದಾರಿ ಕೊಡದೆ ಇರಲಿಲ್ಲ. ಎಲ್ಲರ ಎದುರಿಗೆ ಕೇಳಿದೆ, "ಪ್ರಸಾದ ಕೇಳಿದ್ಯಾ? ಹೂವು ಬಲಕ್ಕೆ ಬಿತ್ತಾ?" ಅಂತ. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿ ನೋಡಿದವರು ಯಾರಿದ್ದರು? ಅವನು ನನ್ನ ಮುಖವನ್ನೇ ನೋಡಿ, "ಕೇಳ್ದೆ, ಬೀಳ್ಲಿಲ್ಲ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಮನುಷ್ಯನಿಗೆ ಬದುಕುವ ದಾರಿ ಗೊತ್ತಿಲ್ಲ.

ಶರಾವತಿಯ ಮದುವೆ ಕೇಳಿದೆಯಲ್ಲ. ಗಂಡು ಹೊಸನಗರದ ಮಂಜುನಾಥಪ್ಪನ ಮಗ. ವೈಶಾಖಕ್ಕೆ ಅಂತ ಮಾತಾಗಿದೆ. ಮಂಜುನಾಥಪ್ಪ ಮೊನ್ನೆ ಬಂದು, "ಹೊರಗಿಟ್ಟ ಮನೆ ಬಾಗ್ಲಿಗೆ ದಿಬ್ಬಣ ಹೆಂಗೆ ತರಾದು ಗೌಡ್ರೆ? ನೀವು ಕಟ್ಟಳೆ ತೆಗ್ದ್ರೆ ಬರ್ತೀವಿ, ಇಲ್ದಿದ್ರೆ ಹುಡುಗಂಗೆ ಬೇರೆ ನೋಡ್ತೀವಿ" ಅಂದ. ತೆಗೆಯುವುದು ನನ್ನೊಬ್ಬನ ಕೈಯಲ್ಲಿಲ್ಲ. ಮೂರೂ ಕಡೆಯವರು ಒಪ್ಪಬೇಕು, ಒಪ್ಪಿದ ಮೇಲೆ ಯಜಮಾನ ಆ ಮನೆಗೆ ಹೋಗಿ ಮೊದಲು ಉಣ್ಣಬೇಕು. ಭೂತಪ್ಪ ಒಪ್ಪುತ್ತಾನಾ?

ನಾನು ಆ ಹುಡುಗಿಯ ಸೋದರಮಾವ. ಕೈ ಹಿಡಿದು ಧಾರೆಗೆ ಕರೆತರಬೇಕಾದವನು. ಮನೆಯವಳು ವೆಂಕಮ್ಮ ಅವಳಿಗೆ ಅಂತ ಸೀರೆ ತೆಗೆದಿಟ್ಟು, ಅದರ ಬಗ್ಗೆ ನನ್ನ ಹತ್ತಿರ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಯಾರ ಕೈಯಲ್ಲಾದರೂ ಕಳಿಸುತ್ತೇನೆ. ನನ್ನಿಂದ ಆಗುವುದು ಅಷ್ಟೇ.

ಅಣೆಕಟ್ಟಿನ ಕೆಲಸಗಾರರ ಪ್ರಾರ್ಥನೆಗೆ ನೀನು ಕಾರ್ಗಲ್ಲಿಗೆ ಹೋಗುವುದುಂಟಲ್ಲ. ಹೊನ್ನೆಮರಡು ಆ ದಾರಿಗೆ ಅಷ್ಟೇನೂ ದೂರವಲ್ಲ. ನಿನಗೆ ನಮ್ಮ ಕಟ್ಟಳೆ ತಾಗುವುದಿಲ್ಲ. ಹೋಗು ಅಂತ ನಾನು ಹೇಳುತ್ತಿಲ್ಲ.

ಧರ್ಮಪ್ಪ


ಸಾಗರ
25 ಜನವರಿ 1965

ಪ್ರಿಯ ಧರ್ಮಪ್ಪ,

ನೀನು ಹೇಳಲಿಲ್ಲ, ನಾನು ಹೋದೆ. ಜೋಗದ ಬಸ್ಸಿನಿಂದ ಇಳಿದು ಕೇಳುತ್ತ ಕೇಳುತ್ತ ನಡೆದೆ. ಹಿನ್ನೀರಿನಲ್ಲಿ ಒಣಮರಗಳು ನಿಂತೇ ಇವೆ, ಅವುಗಳ ತುದಿಯಲ್ಲಿ ನೀರುಕಾಗೆಗಳು ಕೂತಿವೆ. ಬೆಳ್ಳಪ್ಪ ದಡದಲ್ಲಿ ದೋಣಿಯ ಬಿರುಕಿಗೆ ರಾಳ ಹಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು, "ಪಾದ್ರಿಗಳೆ, ಯಾರಾದ್ರೂ ಹೋದ್ರಾ?" ಅಂತ ಕೇಳಿದ. ಸಾವಿನ ಸುದ್ದಿ ತರುವವರು ಮಾತ್ರ ತನ್ನ ಮನೆಗೆ ಬರಬಹುದು ಅಂತ ಆ ಮನುಷ್ಯ ಅಂದುಕೊಂಡಿದ್ದಾನೆ.

ಹೂವಮ್ಮ ಊಟಕ್ಕೆ ಏಳಿಸಿದಳು. ಮೀನು ಸಾರು, ಕೆಂಪಕ್ಕಿ ಅನ್ನ. ನಾನು ಉಂಡೆ. ನನ್ನನ್ನು ಹೊರಗಿಡುವುದು ನಿನ್ನಿಂದಾಗದು, ನಾನು ಹುಟ್ಟುತ್ತಲೇ ಹೊರಗೆ. ಸಾಕು ಅಂದರೂ ಬಡಿಸಿದಳು, ಬೇಡ ಅಂದರೂ ಬಡಿಸಿದಳು. "ಬೇರೆಯೋರು ಉಣ್ಣಾದ್ನ ನೋಡಿ ಎಷ್ಟ್ ದಿನ ಆಯ್ತು ಪಾದ್ರಿಗಳೆ, ಬೇಡ ಅನ್ಬೇಡಿ" ಅಂದಳು. ಇನ್ನೊಂದು ಸೌಟು ಹಾಕಿಸಿಕೊಂಡೆ. ಅವಳು ನಿನ್ನ ಹೆಸರು ಎತ್ತಲಿಲ್ಲ. ಹೊರಡುವಾಗ ಮಾತ್ರ, "ಅತ್ತಿಗೆ ಮಂಡಿನೋವು ಹೆಂಗಿದ್ಯಂತೆ?" ಅಂದಳು.

ಚೌಡಮ್ಮನನ್ನು ನೇರಳೆ ಮರದ ಕೆಳಗೆ, ನೀರಿಗೆ ಮುಖ ಮಾಡಿ ಇಟ್ಟಿದ್ದಾನೆ. ಪಾದ್ರಿ ಚೌಡಿಯ ಕಟ್ಟೆಯ ಮೇಲೆ ಕೂತದ್ದನ್ನು ನಮ್ಮ ಸಭೆಯವರು ಕಂಡರೆ ನನಗೂ ಒಂದು ಪಂಚಾಯ್ತಿ ಕಾದಿದೆ. ಅಲ್ಲೇ ಕೂತು ಅವನನ್ನು ಕೇಳಿದೆ. ಅವನು ಹೋದಾಗ ನೀರು ಚೌಡಮ್ಮನ ಸೊಂಟಕ್ಕೆ ಬಂದಿತ್ತಂತೆ. ಹೂವಿಟ್ಟ, ಕಾದ, ಬೀಳಲಿಲ್ಲ. ತಿರುಗಿ ಬೇಡಿಕೊಂಡ, ಬೀಳಲಿಲ್ಲ. "ತಾಯಿ, ನಿಂಗೆ ಬ್ಯಾಡ್ದಿದ್ರೆ ಆಮೇಲೆ ಶಿಕ್ಷೆ ಕೊಡು, ಈಗ ಎತ್ತೀನಿ ಅಂದೆ. ಕಣ್ಣೆದ್ರು ಮುಳ್ಗಾದ್ ಹೆಂಗ್ ನೋಡಾದು?" ಅಂದ.

ಬಲಕ್ಕೆ ಬಿತ್ತು ಅಂತ ಹೇಳಬಹುದಿತ್ತಲ್ಲ ಬೆಳ್ಳಪ್ಪ, ಅಂದೆ. "ಕಳ್ಳ ಅಂತ ಅನ್ನಿಸ್ಕಂಬೋದು ಪಾದ್ರಿಗಳೆ, ಅವ್ಳ ಹೆಸ್ರಲ್ಲಿ ಸುಳ್ಳು ಹೇಳಾಕಾಗ್ತದಾ?" ಅಂದ.

ಧರ್ಮಪ್ಪ, ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಸುಳ್ಳು ಹೇಳಿದ್ದರೆ ನೀನು ಅವನನ್ನು ಬಿಡುತ್ತಿದ್ದೆ. ನಿಜ ಹೇಳಿದ್ದಕ್ಕೆ ಹೊರಗಿಟ್ಟೆ. ಅದನ್ನು ನೀನೇ ನಿನ್ನ ಕೈಯಾರೆ ಬರೆದಿದ್ದೀಯ, ಬರೆದು ಅವನಿಗೆ ಬದುಕಲು ಬರುವುದಿಲ್ಲ ಅನ್ನುತ್ತೀಯ. ನಿನಗೆ ಬೇಕಾದದ್ದು ನ್ಯಾಯವಲ್ಲ, ನ್ಯಾಯವಂತ ಅನ್ನುವ ಹೆಸರು. ಆ ಹೆಸರಿಗೆ ತಂಗಿಯನ್ನು ಕೊಟ್ಟೆ, ಈಗ ತಂಗಿಯ ಮಗಳನ್ನೂ ಕೊಡುತ್ತೀಯ.

ಆ ಹುಡುಗಿ ಗುಡ್ಡ ಇಳಿಯುವವರೆಗೆ ನನ್ನ ಜೊತೆ ಬಂದಳು. "ಮದುವೆ ನಿಂತ್ರೆ ನಿಲ್ಲಿ. ಮಾವ ಬರ್ತಾರಾ ಇಲ್ವಾ ಅಂತ ಅಮ್ಮಂಗೆ ಗೊತ್ತಾಗ್ಬೇಕು. ಅವ್ಳು ದಿನಾ ದಾರಿ ನೋಡ್ತಾಳೆ, ನೋಡಲ್ಲ ಅಂತಾಳೆ" ಅಂದಳು. ಅವಳಿಗೆ ಏನು ಹೇಳಲಿ, ನೀನೇ ಬರೆ.

ಸಾಮುವೇಲ


ಹೊಸ ಹೊಳೆಕೊಪ್ಪ
8 ಫೆಬ್ರವರಿ 1965

ಪಾದ್ರಿಗಳಿಗೆ,

ತಮ್ಮ ಪತ್ರ ತಲುಪಿತು. ಹೊನ್ನೆಮರಡಿಗೆ ಹೋಗಿ ಬಂದದ್ದಕ್ಕೆ ಉಪಕಾರವಾಯಿತು. ನಮ್ಮ ಮನೆತನದ ವಿಷಯವನ್ನು ನಾವು ನೋಡಿಕೊಳ್ಳುತ್ತೇವೆ. ಇನ್ನು ಮೇಲೆ ತಾವು ಶ್ರಮ ತೆಗೆದುಕೊಳ್ಳಬಾರದು.

ಇಂತು,
ಧರ್ಮಪ್ಪ ಗೌಡ


ಸಾಗರ
30 ಮಾರ್ಚ್ 1965

ಧರ್ಮಪ್ಪ,

ಪಾದ್ರಿಗಳಿಗೆ, ತಾವು, ಇಂತು. ನೀನು ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಪತ್ರ ಸಲೋಮಿಗೆ ತೋರಿಸಲೇ ಇಲ್ಲ, ಅವಳು ನಿನ್ನ ಪಕ್ಷವನ್ನೇ ಹಿಡಿಯುತ್ತಾಳೆ.

ನಾನು ಬರೆದದ್ದು ಸುಳ್ಳು ಅಂತ ಈಗಲೂ ಅನ್ನಲಾರೆ. ಆದರೆ ಬರೆದ ರೀತಿ ಕೆಟ್ಟದ್ದು. ನೀನು ನಿನ್ನ ಸಂಕಟವನ್ನು ನನಗೆ ಬಿಚ್ಚಿಟ್ಟೆ, ನಾನು ಅದನ್ನೇ ಎತ್ತಿಕೊಂಡು ನಿನಗೆ ಹೊಡೆದೆ. ಮನ್ನಿಸು.

ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂತು. ತಮಿಳರು, ಮಲೆಯಾಳಿಗಳು ಗಂಟು ಕಟ್ಟಿಕೊಂಡು ಬೇರೆ ಅಣೆಕಟ್ಟಿಗೆ ಹೋಗುತ್ತಿದ್ದಾರೆ. ಹೋದ ಭಾನುವಾರ ತಗಡಿನ ಶೆಡ್ಡಿನಲ್ಲಿ ಯೋಸೇಫನ ಮೇಲೆ ಪ್ರಸಂಗ ಮಾಡಿದೆ. ಬಂದ ನಾಲ್ಕು ಜನರಲ್ಲಿ ಒಬ್ಬರು ನಿದ್ದೆ ಹೋದರು. ದಿಕಾಯೊಸ್ ಅಂತ ಗಟ್ಟಿಯಾಗಿ ಹೇಳಿದೆ, ಆಗಲೂ ಏಳಲಿಲ್ಲ. ನ್ಯಾಯದ ಪದ ಕಲಿಸಲು ಹೋಗಿ ಐವತ್ತರ ಹತ್ತಿರದ ಈ ವಯಸ್ಸಿನಲ್ಲಿ, ಇದ್ದ ಒಬ್ಬ ಗೆಳೆಯನನ್ನೂ ಕಳಕೊಂಡೆನಲ್ಲ ಅಂತ ದಾರಿಯುದ್ದಕ್ಕೂ ಬೇಸರವಾಯಿತು.

ಶರಾವತಿಯ ಬಗ್ಗೆ ನಾನೇನೂ ಕೇಳುವುದಿಲ್ಲ. ನೀನು ಹೇಗಿದ್ದೀಯ ಅಂತ ಒಂದು ಸಾಲು ಬರೆ. ಬೈದಾದರೂ ಬರೆ, ತಾವು ಅಂತ ಮಾತ್ರ ಬರೆಯಬೇಡ.

ಸಾಮುವೇಲ


ಹೊಸ ಹೊಳೆಕೊಪ್ಪ
18 ಏಪ್ರಿಲ್ 1965

ಸಾಮುವೇಲ,

ನೀನು ಅಂತಲೇ ಬರೆಯುತ್ತಿದ್ದೇನೆ, ಸಮಾಧಾನ ಮಾಡಿಕೋ.

ತೀರ್ಥಹಳ್ಳಿ ಪೇಟೆಯಲ್ಲಿ ನಿಮ್ಮವನೊಬ್ಬ ಸಣ್ಣ ಸಣ್ಣ ಪುಸ್ತಕ ಮಾರುತ್ತಿದ್ದ. ಮತ್ತಾಯನದು ಕೊಡು ಅಂತ ತಂದೆ. ನೀನು ಹೇಳಿದ ಜಾಗವನ್ನು ಓದಿದೆ, ಅದರ ಮುಂದಿನದನ್ನೂ ಓದಿದೆ. ನೀನು ಎಲ್ಲಿಗೆ ನಿಲ್ಲಿಸಿದ್ದೆ ಗೊತ್ತಾ? ಯೋಸೇಫ ಅವಳನ್ನು ಸದ್ದಿಲ್ಲದೆ ಬಿಡಬೇಕು ಅಂದುಕೊಂಡ ಅನ್ನುವಲ್ಲಿಗೆ. ಅದರಲ್ಲೇನು ದೊಡ್ಡ ನ್ಯಾಯ ಇದೆಯೋ ನನಗೆ ಕಾಣಲಿಲ್ಲ. ಸದ್ದಿಲ್ಲದೆ ಬಿಡುವುದೂ ಬಿಡುವುದೇ. ಇವನ ಹೆಸರು ಚೊಕ್ಕವಾಗಿ ಉಳಿಯುತ್ತದೆ, ಬಸುರಿ ಹುಡುಗಿ ನಡುದಾರಿಯಲ್ಲಿ ನಿಲ್ಲುತ್ತಾಳೆ. ಕನಸಿನಲ್ಲಿ ದೇವದೂತ ಬಂದು ಹೇಳಿದ ಮೇಲೆ ತಾನೆ ಅವಳನ್ನು ಮನೆಗೆ ಕರಕೊಂಡದ್ದು? ಆಗ ಊರವರು ಅವಳ ಬಗ್ಗೆ ಆಡುತ್ತಿದ್ದ ಮಾತನ್ನು ಇವನ ಬಗ್ಗೆಯೂ ಆಡಿರಬೇಕು. ಅವನು ನ್ಯಾಯವಂತನಾದದ್ದು ಅವತ್ತು, ಅದಕ್ಕೆ ಮೊದಲಲ್ಲ. ಗ್ರೀಕು ಏನನ್ನುತ್ತದೋ ನೀನು ನೋಡಿಕೋ.

ಯಾರ ಕೈಯಲ್ಲಾದರೂ ಸೀರೆ ಕಳಿಸುತ್ತೇನೆ ಅಂತ ಬರೆದಿದ್ದೆನಲ್ಲ, ಅದೂ ಸದ್ದಿಲ್ಲದೆ ಬಿಡುವುದೇ ಅಂತ ಆ ಪುಸ್ತಕ ಕೈಯಲ್ಲಿ ಹಿಡಕೊಂಡು ಕೂತಾಗ ಗೊತ್ತಾಯಿತು. ನಾಚಿಕೆಯಾಯಿತು.

ಮೊನ್ನೆ ಹೊಸನಗರದಲ್ಲಿ ಮೂರೂ ಕಡೆಯವರನ್ನು ಕೂಡಿಸಿದೆ. ಬೆಳ್ಳಪ್ಪನ ಮನೆಯನ್ನು ಒಳಗೆ ಕರಕೊಳ್ಳೋಣ, ಹುಡುಗಿಯ ಮದುವೆ ನಿಂತುಹೋಗುತ್ತದೆ ಅಂದೆ. ಭೂತಪ್ಪ ಎದ್ದು ನಿಂತ. "ನನ್ ತಮ್ಮಂಗೊಂದು ನ್ಯಾಯ, ನಿಮ್ ಭಾವಂಗೊಂದು ನ್ಯಾಯನಾ ಗೌಡ್ರೆ?" ಅಂದ. ನಿನ್ನ ತಮ್ಮನ ಮನೆಯನ್ನೂ ಕರಕೊಳ್ಳೋಣ ಅಂದೆ. "ಅವ್ನು ಹೋದ ಮಳೆಗಾಲ್ದಲ್ಲೇ ತೀರ್ಕಂಡ. ಹೆಗಲು ಕೊಡಾಕೆ ಒಂದ್ ನರಪಿಳ್ಳೆ ಬರ್ಲಿಲ್ಲ. ನಾನೊಬ್ನೇ ಗಾಡೀಲಿ ಹಾಕ್ಕಂಡ್ ಹೋದೆ. ಈಗ ಯಾರನ್ನ ಕರ್ಕಂತೀರಿ?" ಅಂದ. ನನಗೆ ಯಾರೂ ಹೇಳಿರಲಿಲ್ಲ, ಸಾಮುವೇಲ. ಹೇಳಿದ್ದರೆ ಹೋಗುತ್ತಿದ್ದೆನಾ ಅಂದರೆ ಅದೂ ಗೊತ್ತಿಲ್ಲ. ಭೂತಪ್ಪ ಇಷ್ಟು ದಿನ ಕೂಗಾಡಿದ್ದು ಚೌಡಮ್ಮನಿಗಾಗಿ ಅಂತ ನಾನು ತಿಳಿದಿದ್ದೆ. ಸಭೆ ಅಲ್ಲಿಗೇ ಎದ್ದಿತು.

ಆ ಮನೆಯನ್ನು ಒಳಗೆ ತರುವುದು ಇನ್ನು ನನ್ನಿಂದಾಗದು. ನಾನು ಹೊರಗೆ ಹೋಗುವುದಕ್ಕೆ ಯಾರ ಒಪ್ಪಿಗೆಯೂ ಬೇಡ. ವೆಂಕಮ್ಮನಿಗೆ ಹೇಳಿದೆ. ಅವಳು ಎದ್ದು ಹೋಗಿ ಟ್ರಂಕು ತೆಗೆದಳು. ಬಟ್ಟೆ ಮಡಚಿ ಮುಗಿದ ಮೇಲೆ, "ಇಷ್ಟು ದಿನ ಬೇಕಾಯ್ತಾ ನಿಮ್ಗೆ?" ಅಂತ ಒಂದು ಮಾತು ಕೇಳಿದಳು.

ಧರ್ಮಪ್ಪ


ಹೊನ್ನೆಮರಡು, ಸಾಗರ ತಾಲೂಕು
9 ಮೇ 1965

ಗೆಳೆಯ ಸಾಮುವೇಲ,

ವಿಳಾಸ ನೋಡಿದೆಯಲ್ಲ. ಬಂದು ಎರಡು ವಾರವಾಯಿತು.

ಬಂದ ದಿನ ಬೆಳ್ಳಪ್ಪ ಅಂಗಳದಲ್ಲೇ ಅಡ್ಡ ನಿಂತ.

"ತೆಗ್ದ್ರಾ ಗೌಡ್ರೆ?" ಅಂದ.

"ಇಲ್ಲ. ಯಾರೂ ಒಪ್ಲಿಲ್ಲ."

"ಮತ್ತೆ ಯಾಕ್ ಬಂದ್ರಿ?"

"ಉಣ್ಣಾಕೆ."

"ಇಲ್ಲಿ ಉಂಡ್ರೆ ನೀವೂ ಹೊರಗೆ."

"ಗೊತ್ತು ಮಾರಾಯ, ಕಟ್ಟಳೆ ಹೇಳ್ದೋನು ನಾನೇ ಅಲ್ದಾ."

ಅವನು ದಾರಿ ಬಿಟ್ಟ. ಹೂವಮ್ಮ ಒಳಗಿಂದ ಬರಲಿಲ್ಲ. ವೆಂಕಮ್ಮ ಒಳಗೆ ಹೋದಳು. ಇಬ್ಬರು ಹೆಂಗಸರು ಅಳುವುದೋ ಜಗಳವಾಡುವುದೋ ತಿಳಿಯದ ಹಾಗೆ ಸದ್ದು ಬಂತು, ಆಮೇಲೆ ಪಾತ್ರೆಯ ಸದ್ದು ಬಂತು. ನನಗೂ ಬೆಳ್ಳಪ್ಪನಿಗೂ ಎಲೆ ಹಾಕಿದರು. ಬಡಿಸಲು ಹೂವಮ್ಮ ಬಂದಳು. ತುಂಬ ಬಡವಾಗಿದ್ದಾಳೆ. "ತಪ್ಪಾಯ್ತು ಹೂವಿ" ಅಂದೆ. "ಮೊದ್ಲು ಉಣ್ಣು, ಅನ್ನ ಆರ್ತದೆ" ಅಂದಳು. ಅನ್ನ ಕಲಸಿ ಉಂಡೆ.

ಉಂಡು ಕೈ ತೊಳೆದ ಮೇಲೆ ಹೊಸ್ತಿಲ ಹತ್ತಿರ ಕೂತು ಹೇಳಿದಳು: "ಅಣ್ಣಯ್ಯ, ಇಷ್ಟ್ ದಿನ ಚೌಡಮ್ಮನ ಎದ್ರು ನಿನ್ನ ಹೆಸ್ರು ಹಿಡ್ದು ಬೈದಿದೀನಿ."

"ಬೈಯೋದು ಸರಿ ಬಿಡು" ಅಂದೆ.

"ಬೈಯಾಕೂ ಅಣ್ಣ ಅಂತ ಒಬ್ಬ ಬೇಕಲ್ಲ, ಅದ್ಕೆ ಬೈದೆ. ಬೈಯಾದ್ ಬಿಟ್ರೆ ನೀನ್ ಪೂರಾ ಹೋದ್ಹಂಗೆ ಆಗ್ತಿತ್ತು" ಅಂದಳು. ನಾನು ಅಲ್ಲೇ ಕೂತು ಅತ್ತೆ, ಸಾಮುವೇಲ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಸುದ್ದಿ ಹೋಗಲು ಎಷ್ಟು ಹೊತ್ತು ಬೇಕು? ಗೌಡರು ಹೊರಗಾದರು, ಯಜಮಾನಿಕೆ ಹೋಯಿತು ಅಂತ ತೀರ್ಥಹಳ್ಳಿ ಕಡೆಯ ನಮ್ಮವರೇ ಹೇಳಿ ಕಳಿಸಿದರು. ಆ ದಿನ ನನಗೆ ಒಳ್ಳೆಯ ನಿದ್ದೆ ಬಂತು.

ಮಂಜುನಾಥಪ್ಪ ನಿನ್ನೆ ಬಂದ. ಸಂಬಂಧ ಬೇಡ ಅಂತ ಹೇಳಿ ಹೋಗಲು ಬಂದದ್ದು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬೇಲಿಯ ಆಚೆಯೇ ಬಿಸಿಲಲ್ಲಿ ನಿಂತ.

"ಗೌಡ್ರೆ, ನೀವು ತೆಗೀತೀರಿ ಅಂತ ಕಾದಿದ್ದೆ. ನೀವೇ ಹೋಗಿ ಒಳಗ್ ಕೂತ್ರೆ ನಾನ್ ಯಾರನ್ನ ಕೇಳ್ಲಿ?" ಅಂದ.

"ಯಾರನ್ನೂ ಕೇಳ್ಬೇಡಿ" ಅಂದೆ. "ಹುಡುಗಿ ಬೇಡ ಅಂತ ಇದ್ರೆ ಬೇಡ ಅನ್ನಿ. ಜನ ಬೇಡ ಅಂತಾರೆ ಅಂತ ಮಾತ್ರ ಅನ್ಬೇಡಿ. ನಾನೂ ಅದನ್ನೇ ಅಂದ್ಕಂಡು ಇಷ್ಟ್ ದಿನ ಕಳ್ದೆ."

ಅವನು ಹೋಗಲೂ ಇಲ್ಲ, ಬರಲೂ ಇಲ್ಲ. ಬೆಳ್ಳಪ್ಪ ತಲೆ ತಗ್ಗಿಸಿ ಕೂತಿದ್ದ. ಶರಾವತಿ ಯಾರನ್ನೂ ಕೇಳದೆ ಒಂದು ಚೊಂಬು ನೀರು, ತಟ್ಟೆಯಲ್ಲಿ ಬೆಲ್ಲ ಹಿಡಿದು ಬೇಲಿಯ ಹತ್ತಿರ ಹೋಗಿ ನಿಂತಳು. "ಬಿಸಿಲಲ್ಲಿ ಬಂದೀರಿ, ಕುಡೀರಿ. ಆಮೇಲೆ ಏನ್ ಹೇಳ್ಬೇಕೋ ಹೇಳಿ" ಅಂದಳು. ಮಂಜುನಾಥಪ್ಪ ಅವಳನ್ನು ನೋಡಿದ, ಚೊಂಬನ್ನು ನೋಡಿದ, ತಿರುಗಿ ನನ್ನ ಕಡೆ ನೋಡಿದ. ಕೊನೆಗೆ ಬೇಲಿಯ ತಡಬೆ ದಾಟಿ ಅಂಗಳಕ್ಕೆ ಬಂದು, ಜಗಲಿಯ ಮೇಲೆ ಕೂತು ಕುಡಿದ. ಮದುವೆ ಹೇಳಿದ ದಿನವೇ ಅಂತ ಹೇಳಿ ಹೋದ.

ಇದೇ ತಿಂಗಳು ಇಪ್ಪತ್ತಮೂರಕ್ಕೆ ಧಾರೆ. ನೀನೂ ಸಲೋಮಿಯಮ್ಮನೂ ಹಿಂದಿನ ದಿನವೇ ಬರಬೇಕು. ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ, ಚಪ್ಪರ ಸಣ್ಣದೇ ಹಾಕಿದ್ದೇವೆ. ಇದೆಲ್ಲ ನಿನ್ನ ಗ್ರೀಕು ಪದದೊಳಗೆ ಬರುತ್ತದೋ ಇಲ್ಲವೋ, ಬಂದಾಗ ಹೇಳು.

ಈ ಪತ್ರ ಅಂಚೆಗೆ ಹಾಕಿ ಹೊಸನಗರದ ಬಸ್ಸು ಹತ್ತುತ್ತೇನೆ. ಭೂತಪ್ಪನ ಮನೆಗೆ. ಮದುವೆಗೆ ಕರೆಯಲಿಕ್ಕಾ ಅಂತ ಬೆಳ್ಳಪ್ಪ ಕೇಳಿದ. ಅಲ್ಲ ಅಂದೆ. ಅವನ ತಮ್ಮನ ಸಾವಿಗೆ ನಾನು ಹೋಗಿರಲಿಲ್ಲ, ಈಗ ಹೋಗುತ್ತಿದ್ದೇನೆ.

ಧರ್ಮಪ್ಪ